ಕೆರೆ ತಿರುವಿನ ಮೂರು ಹಾರನ್ನು

ಸಾರಕ್ಕಿ ಕೆರೆಯ ತಿರುವಿನಲ್ಲಿ ಒಂದು ಸಲ ಹಾರನ್ನು ಒತ್ತಿದರೆ ಸಾಕಿತ್ತು. ಡ್ರೈವರ್ ಬೈರಣ್ಣ ಮೂರು ಸಲ ಒತ್ತುತ್ತಿದ್ದ. ರಬ್ಬರ್ ಬುರುಡೆಯ ಹಿತ್ತಾಳೆ ಹಾರನ್ನು ಪೋಂ ಪೋಂ ಪೋಂ ಎಂದರೆ ಕೊಕ್ಕರೆಗಳು ಮೇಲೇಳುತ್ತಿದ್ದವು. ಕೆರೆ ಏರಿಯ ಆಚೆಯ ಹೂತೋಟದಲ್ಲಿ, ದಿನವೂ ಮಾರ್ಕೆಟ್‌ಗೆ ಹೂವು ಒಯ್ಯುವ ಮುನಿಲಕ್ಷ್ಮಿ ಬುಟ್ಟಿಯನ್ನು ತಲೆಗೇರಿಸುತ್ತಿದ್ದಳು.

"ಏನಪ್ಪಾ ಬೈರಣ್ಣ, ಎಮ್ಮೆ ಅಡ್ಡ ಬಂತಾ?" ಎಂದು ಕಂಡಕ್ಟರ್ ಗಂಗಾಧರಯ್ಯನವರು ಹಿಂದಿನಿಂದ ಕೂಗುವರು.

"ಹೂಂ ಅಯ್ಯನೋರೆ."

"ದಿನಾ ಅದೇ ಎಮ್ಮೆ, ಅದೇ ಜಾಗ!"

"ಯಾವ ಎಮ್ಮೆ ಅಯ್ಯನೋರೆ?" ಎನ್ನುತ್ತ ಮುನಿಲಕ್ಷ್ಮಿ ಹತ್ತಿದರೆ ಅಯ್ಯನವರು ಟಿಕೆಟ್ ಹರಿಯುವುದರಲ್ಲಿ ಮುಳುಗಿಬಿಡುವರು. ತನ್ನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತೇ ಎಂದು ಬೈರಣ್ಣ ಕನ್ನಡಿಯತ್ತ ನೋಡಿದರೆ, ಕಂಡಿತು ಎಂಬಂತೆ ಆ ಕಣ್ಣುಗಳು ನಗುತ್ತಿದ್ದವು.

ಅವನ ಹೆಂಡತಿ ಗೌರಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಡ್ಯೂಟಿಗೆ ಹೊರಡುವಾಗ ಅವಳು ಕೈಗಿಡುತ್ತಿದ್ದ ಹೂವನ್ನು ಬಸ್ಸಿನ ಬನಶಂಕರಿ ಪಟಕ್ಕೆ ಮುಡಿಸಿ ಗಾಡಿ ತೆಗೆಯುವುದು ಅವನ ವಾಡಿಕೆ. ಅವಳು ಹೋದ ಮೇಲೆ ಪಟಕ್ಕೆ ಉಳಿದದ್ದು ಧೂಳು. ಅವನು ಈ ರೂಟಿಗೆ ಬಂದ ಮೊದಲ ವಾರ ಮುನಿಲಕ್ಷ್ಮಿ ಆ ಪಟವನ್ನು ನೋಡಿದಳು. ಸೀಟಿನ ಹಿಂದಿನ ಕಂಬಿಯ ಸಂದಿನಿಂದ ಒಂದು ಮೊಳ ಕನಕಾಂಬರ ಚಾಚಿ, "ತಾಯಿ ಏನು ತಪ್ಪು ಮಾಡಿದ್ಲು, ಡ್ರೈವರ್ರೇ?" ಎಂದಳು.

ಬೈರಣ್ಣ ಹೂವನ್ನು ತೆಗೆದುಕೊಂಡು ಪಟಕ್ಕೆ ಮುಡಿಸಿದ. ಆಮೇಲೆ ಅದು ದಿನದಿನದ ಮಾತಾಯಿತು. ಊರಿಗೆಲ್ಲ ಅವನು ಡ್ರೈವರಣ್ಣ. ಅವಳೊಬ್ಬಳ ಬಾಯಲ್ಲಿ ಮಾತ್ರ ಆ 'ಅಣ್ಣ' ಬರಲಿಲ್ಲ.

ಒಂದು ಶನಿವಾರ ಅವಳ ಸೋದರತ್ತೆ ಅಕ್ಕಯಮ್ಮ ಬಸ್ಸು ನಿಂತಿದ್ದಾಗ ಬೈರಣ್ಣನ ಕಿಟಕಿಯ ಬಳಿ ಬಂದಳು.

"ಕಾಯಿಲೆ ಅಪ್ಪನ್ನ ನೋಡ್ಕೊಂಡೇ ಅವಳಿಗೆ ಇಪ್ಪತ್ತನಾಲ್ಕಾಯ್ತು ಡ್ರೈವರಣ್ಣ. ನಾಳೆ ಗಂಡಿನ ಕಡೆಯೋರು ಬರ್ತಾವ್ರೆ. ನಿನ್ ಹಾರನ್ನಿಗೆ ಊರೋರು ಮುನಿಲಕ್ಷ್ಮಿ ಹಾರನ್ನು ಅಂತಾರೆ. ಅವರ ಕಿವಿಗೆ ಬಿದ್ರೆ ಗತಿಯೇನು? ಕೈ ಮುಗೀತೀನಿ, ಸುಮ್ನೆ ಹೋಗಪ್ಪ."

ಸೋಮವಾರ ಬೈರಣ್ಣ ತಿರುವಿನಲ್ಲಿ ಒಂದೇ ಸಲ ಹಾರನ್ನು ಒತ್ತಿದ. ಸ್ಟಾಪಿನಲ್ಲಿ ಅವಳಿರಲಿಲ್ಲ. ಅಯ್ಯನವರು ಎರಡು ಬೆಲ್ ಕೊಟ್ಟರು. ಎರಡು ಬೆಲ್ ಎಂದರೆ ಹೊರಡು. ಹಿಂದಿನಿಂದ ಅವರಿಗೆ ಏರಿ ಕಾಣುತ್ತಿರಲಿಲ್ಲ. ಬೈರಣ್ಣನಿಗೆ ಪಕ್ಕದ ಕನ್ನಡಿಯಲ್ಲಿ ಎಲ್ಲವೂ ಕಾಣುತ್ತಿತ್ತು: ಬುಟ್ಟಿ ಹಿಡಿದು ಓಡಿಬರುತ್ತಿದ್ದ ಅವಳು, ದಾರಿಯುದ್ದಕ್ಕೂ ಚೆಲ್ಲುತ್ತಿದ್ದ ಹೂವು. ಅವಳ ಒಳ್ಳೆಯದಕ್ಕೇ ಎಂದುಕೊಂಡು ಗೇರ್ ಹಾಕಿದ.

ಮಾರನೆಯ ದಿನ ಅವಳು ಹೊತ್ತಿಗೆ ಮುಂಚೆಯೇ ಸ್ಟಾಪಿನಲ್ಲಿ ನಿಂತಿದ್ದಳು. ಹತ್ತಿ ಕೊನೆಯ ಸೀಟಿಗೆ ಹೋದಳು. ಕಂಬಿಯ ಸಂದಿನಿಂದ ಹೂವು ಬರಲಿಲ್ಲ. ಬುಧವಾರವೂ ಬರಲಿಲ್ಲ. ಪಟದ ಮೇಲೆ ಶನಿವಾರದ ಕನಕಾಂಬರ ಒಣಗಿತು. ಬೈರಣ್ಣ ಅದನ್ನು ತೆಗೆಯಲಿಲ್ಲ.

ಗುರುವಾರ ಬನಶಂಕರಿ ಗುಡಿಯ ಮುಂದೆ ಇಳಿದವಳು ಸುತ್ತಿಕೊಂಡು ಅವನ ಕಿಟಕಿಗೆ ಬಂದಳು.

"ಹಾರನ್ನು ಕೆಟ್ಟೋಯ್ತಾ?"

"ಇಲ್ಲ. ನಿಮಗೆ ಗಂಡು ನೋಡ್ತಾ ಇದಾರೆ ಅಂತ ನಿಮ್ಮತ್ತೆ ಹೇಳಿದ್ರು. ನನ್ನಿಂದ ನಿಮಗೆ ಕೆಟ್ಟ ಹೆಸರು ಬೇಡ ಅಂತ..."

"ಭಾನುವಾರ ಅವರು ಬಂದಿದ್ರು. ಎಲ್ಲರ ಮುಂದೆ ಬೇಡ ಅಂದೆ. ಯಾಕೆ ಅಂದ್ರು. ದಿನಾ ನನ್ನ ಕೂಗಿ ಕರೆಯೋರು ಒಬ್ರಿದಾರೆ ಅಂದೆ." ಅವಳು ಬುಟ್ಟಿಯನ್ನು ಸೊಂಟಕ್ಕೆ ಸರಿಸಿದಳು. "ಸೋಮವಾರ ಊರೆಲ್ಲ ಕಿವಿ ಕೊಟ್ಟು ಕೂತಿತ್ತು, ಡ್ರೈವರ್ರೇ. ನಾನೂ."

ಬೈರಣ್ಣ ಬಾಯಿ ತೆರೆಯುವಷ್ಟರಲ್ಲಿ ಅವಳು ಗುಡಿಯ ಮೆಟ್ಟಿಲು ಹತ್ತುತ್ತಿದ್ದಳು.

ಶುಕ್ರವಾರ ತಿರುವಿಗೆ ಬರುವ ಮುನ್ನ ಅವನು ಪಟಕ್ಕೆ ಕೈ ಮುಗಿದ. "ಗೌರಾ, ಕೋಪ ಮಾಡ್ಕೋಬೇಡ" ಎಂದು ಮನಸ್ಸಿನಲ್ಲೇ ಅಂದುಕೊಂಡ. ಆಮೇಲೆ ಬುರುಡೆಯನ್ನು ಮುಷ್ಟಿ ತುಂಬ ಹಿಡಿದು ಒತ್ತಿದ. ಪೋಂ. ಪೋಂ. ಪೋಂ.

ಸ್ಟಾಪು ಖಾಲಿಯಿತ್ತು.

ಒಂದು ನಿಮಿಷವಾಯಿತು. "ಬೆಲ್ ಕೊಡಿ ಕಂಡಕ್ಟರ್ರೇ" ಎಂದು ಯಾರೋ ಗೊಣಗಿದರು. "ಬೆಲ್ ಹಗ್ಗ ಸಿಕ್ಕಾಕ್ಕೊಂಡಿದೆ, ತಡೀರಿ ಸ್ವಾಮಿ" ಎಂದರು ಗಂಗಾಧರಯ್ಯನವರು. ಹಗ್ಗ ಅವರ ಕೈಯಲ್ಲೇ ಇತ್ತು.

ಏರಿ ಇಳಿದು ಬಂದದ್ದು ಅಕ್ಕಯಮ್ಮ. ನೇರವಾಗಿ ಕಿಟಕಿಗೆ ಬಂದು ಸೊಂಟಕ್ಕೆ ಕೈ ಕೊಟ್ಟಳು.

"ಹೆಣ್ಣು ಕೇಳೋಕೆ ಯಾರಾದ್ರೂ ಬಸ್ ತುಂಬ ಜನ ಹಾಕ್ಕೊಂಡು ಬರ್ತಾರೇನಯ್ಯ? ನಿಂಗೆ ರಜ ಯಾವತ್ತು?"

"ಭಾ... ಭಾನುವಾರ, ಅಮ್ಮ."

"ಭಾನುವಾರ ದೊಡ್ಡೋರನ್ನ ಕರ್ಕೊಂಡು, ನಡ್ಕೊಂಡು ಬಾ. ಅಲ್ಲೀಗಂಟ ಅವಳು ಈ ಬಸ್ ಹತ್ತಲ್ಲ, ನಾನೇ ಮಾರ್ಕೆಟ್‌ಗೆ ಹೋಗ್ತೀನಿ. ತಗೋ, ಅವಳು ಕೊಟ್ಟವ್ಳೆ." ಬಾಳೆಲೆಯ ಪೊಟ್ಟಣದಲ್ಲಿ ನೀರು ಚಿಮುಕಿಸಿದ ಕನಕಾಂಬರವಿತ್ತು. ಒಂದಲ್ಲ, ಐದು ಮೊಳ. ತಪ್ಪಿದ ನಾಲ್ಕು ದಿನದ್ದೂ ಸೇರಿ.

"ದೊಡ್ಡೋರು ಅಂದ್ರೆ ನಾನೇ ಇದೀನಲ್ಲಮ್ಮ" ಎಂದರು ಹಿಂದಿನಿಂದ ಅಯ್ಯನವರು.

ಬೈರಣ್ಣ ಒಣಗಿದ ಸರವನ್ನು ಎಸೆಯದೆ, ಕೆರೆಯ ನೀರಿಗೆ ಬಿಡಲೆಂದು ಜೇಬಿಗಿಟ್ಟುಕೊಂಡ. ಹೊಸ ಹೂವು ಪಟ ತುಂಬಿ ಇಳಿಬಿದ್ದಿತು. ಅವನು ಏರಿಯತ್ತ ನೋಡಿದ. ತೋಟದ ಬೇಲಿಯ ಮೇಲೆ ಒಂದು ಮುಖ ಕಂಡು, ಮರೆಯಾಗಿ, ಮತ್ತೆ ಕಂಡಿತು.

ಅಯ್ಯನವರು ಎರಡು ಬೆಲ್ ಕೊಟ್ಟರು. ಬೈರಣ್ಣನಿಗೆ ಕೇಳಿಸಲಿಲ್ಲ. ಮತ್ತೆ ಎರಡು ಕೊಟ್ಟರು.