ಹಿಲ್ಮಾಳ ಗೇಟಿಗೆ ಅಡ್ಡ ಬಿದ್ದ ದಿಮ್ಮಿ

"ಅಲ್ಲಾಡಿದ್ರೆ ಹೊಡೆದುಬಿಡ್ತೀನಿ!"

ಅಲ್ಲಾಡುವುದಾದರೂ ಹೇಗೆ ಹೇಳಿ? ಹೆಪ್ಪುಗಟ್ಟಿದ ಸರೋವರದ ಮೇಲೆ, ನೀರು ಬೆರೆತ ಹಿಮದಲ್ಲಿ ಮೊಣಕಾಲಿನವರೆಗೆ ಹೂತುಹೋಗಿದ್ದೆ. ಹಿಮದ ಮೇಲೆ ಓಡಿಸುವ ನನ್ನ ಹೊಸ ಬಂಡಿ, ಸ್ನೋಮೊಬೈಲು, ಮೂತಿ ಮೇಲೆತ್ತಿಕೊಂಡು ಅರ್ಧ ಮುಳುಗಿತ್ತು. ಎದುರಿಗೆ ಜೋಡಿ ನಳಿಗೆಯ ಬಂದೂಕು. ಬಂದೂಕಿನ ಹಿಂದೆ ಎಪ್ಪತ್ತೆಂಟು ವರ್ಷದ ಹಿಲ್ಮಾ ಲೆಪ್ಪಾನೆನ್.

ನಾನು ಆರ್ನಿ ಕಾಂಗಸ್. ಮಿಷಿಗನ್ನಿನ ಈ ಉತ್ತರದ ತುದಿಯಲ್ಲಿ ಹದಿನೆಂಟು ವರ್ಷ ಪೊಲೀಸಾಗಿದ್ದವನು. ಕಳ್ಳರನ್ನು ಹಿಡಿದಿದ್ದೇನೆ, ಕರಡಿಗಳನ್ನು ಓಡಿಸಿದ್ದೇನೆ. ಸ್ವೆಟರ್ ತೊಟ್ಟ ಮುದುಕಿಯ ಮುಂದೆ ಕೈ ಎತ್ತಿದ್ದು ಅದೇ ಮೊದಲು!

ಶುರುವಾಗಿದ್ದು ಬೆಳಿಗ್ಗೆ, ಫೋನಿನಲ್ಲಿ. ನಮ್ಮ ಸ್ನೋಮೊಬೈಲ್ ಕ್ಲಬ್ಬಿನ ಅಧ್ಯಕ್ಷ ಬ್ರಾಂಟ್ ಅಳುವುದೊಂದು ಬಾಕಿ.

"ಆರ್ನಿ, ಕೆಟ್ವಿ ಕಣಯ್ಯಾ! ನಮ್ಮ ಹದಿನೇಳನೇ ನಂಬರಿನ ಹಿಮದ ದಾರಿ ಬಂದ್!"

"ಯಾರು ಮಾಡಿದ್ದು?"

"ಆ ಹಿಲ್ಮಾ! ಗೇಟಿಗೆ ಮರದ ದಿಮ್ಮಿ ಅಡ್ಡ ಹಾಕಿದಾಳೆ. ನಾಳೆ ಒಂಬತ್ತಕ್ಕೆ ನಲವತ್ತು ಜನ ಬರ್ತಾರೆ!"

ನಾಳೆಯ ಸ್ನೋಮೊಬೈಲ್ ಪ್ರವಾಸ ಸಾಮಾನ್ಯದ್ದಲ್ಲ. ನಾಲ್ಕು ತಿಂಗಳು ಯೋಜನೆ ಹಾಕಿದ್ದೆವು. ಒಂದು ಸಮಿತಿ, ಅದಕ್ಕೆ ಐದು ಉಪಸಮಿತಿ. ನೂರೈವತ್ತು ಮೈಲಿ, ಹನ್ನೊಂದು ಬಾರು, ಎರಡೇ ಎರಡು ಪೆಟ್ರೋಲ್ ಬಂಕು. ಕರಿದ ಮೀನು ಯಾವ ಬಾರಿನಲ್ಲಿ ತಿನ್ನಬೇಕು ಎಂಬುದಕ್ಕೇ ಆರು ಸಭೆ! ಯಾವ ಮರದ ಹಿಂದೆ ನಿಂತು ಹಗುರಾಗಬೇಕು ಎಂಬುದೂ ನಕ್ಷೆಯಲ್ಲಿತ್ತು.

ಆದರೆ ಆ ನಕ್ಷೆಯೆಲ್ಲ ನಿಂತಿದ್ದು ಹಿಲ್ಮಾಳ ನಲವತ್ತು ಎಕರೆಯ ಮೇಲೆ. ಅವಳ ಜಮೀನು ದಾಟದೆ ಮುಂದಿನ ಊರಿಗೆ ದಾರಿಯೇ ಇಲ್ಲ. ನನ್ನ ತಂಗಿಯ ಹೋಟೆಲಿನ ಹನ್ನೆರಡು ಕೋಣೆಗಳೂ ಈ ಪ್ರವಾಸವನ್ನೇ ನಂಬಿಕೊಂಡಿದ್ದವು. ಹಿಲ್ಮಾ ಗೇಟು ತೆಗೆಯದಿದ್ದರೆ ತಂಗಿ ಈ ಚಳಿಗಾಲವೇ ಹೋಟೆಲಿಗೆ ಬೀಗ ಹಾಕಬೇಕಿತ್ತು.

"ನಮ್ಮಲ್ಲೇ ಯಾವನೋ ಎಡವಟ್ಟು ಮಾಡಿದಾನೆ," ಎಂದ ಬ್ರಾಂಟ್. "ಅವನ್ನ ಪತ್ತೆ ಮಾಡು. ಗೇಟೂ ತೆಗೆಸು."

"ಸಂಜೆಯೊಳಗೆ ಎರಡೂ ಆಗತ್ತೆ!"

ಧಿಮಾಕು ನೋಡಿ ನನ್ನದು!

ಗೇಟಿನ ಬಳಿ ಹೋಗಿ ದಿಮ್ಮಿಗೆ ಭುಜ ಕೊಟ್ಟೆ. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಾಯಿ ಬೊಗಳಿತು. ಹಿಂದೆಯೇ ಎಂಜಿನ್ನಿನ ಸದ್ದು... ಐವತ್ತು ವರ್ಷ ಹಳೆಯ ಹಳದಿ ಸ್ನೋಮೊಬೈಲ್ ಹೊಗೆಯುಗುಳುತ್ತಾ ನನ್ನತ್ತಲೇ ಬರುತ್ತಿತ್ತು!

ನಾನು ನನ್ನ ಬಂಡಿ ಹತ್ತಿ ಸರೋವರದ ಕಡೆ ತಿರುಗಿಸಿದೆ. ಗಂಟೆಗೆ ಎಂಬತ್ತು ಮೈಲಿ ವೇಗ. ಹೊಳೆ ಬಂದು ಸೇರುವಲ್ಲಿ ಹಿಮದ ಕೆಳಗೆ ನೀರಿರುತ್ತದೆ ಎಂದು ನಮ್ಮೂರಿನ ಕೂಸಿಗೂ ಗೊತ್ತು. ಬಂಡಿಯ ಜಿಪಿಎಸ್ಸು 'ನೇರ ಹೋಗಿ' ಎಂದಿತು. ನಾನು ನೇರ ಹೋದೆ.

ಧಡ್!

ಮುಂದಿನದು ನಿಮಗೆ ಗೊತ್ತೇ ಇದೆ. ಬಂದೂಕು.

"ಯಾರೋ ಅದು? ಹೆಲ್ಮೆಟ್ ತೆಗಿ!"

ತೆಗೆದೆ.

"ಓಹೋ... ನೀನಾ!"

ಬಂದೂಕು ಕೆಳಗಿಳಿಯಲಿಲ್ಲ. ಇನ್ನಷ್ಟು ಹತ್ತಿರ ಬಂತು!

"ಹಿಲ್ಮಾ ಅಮ್ಮಾ, ಬೈಯೋದಿದ್ರೆ ಮನೇಲಿ ಬೈಯಿರಿ. ಕಾಲು ಮರಗಟ್ಟಿಹೋಯ್ತು..."

ಬಂದೂಕನ್ನು ಹೆಗಲಿಗೇರಿಸಿದಳು. ಆಮೇಲೆ ಹಗ್ಗ ಎಸೆದಳು.

ಅಡುಗೆಮನೆ. ಸೌದೆ ಒಲೆಯ ಮೇಲೆ ನನ್ನ ಕಾಲುಚೀಲ ಹಬೆಯಾಡುತ್ತಿತ್ತು. ಹಿಲ್ಮಾ ಒಂದು ಕಾಗದವನ್ನು ನನ್ನ ಮುಂದೆ ಕುಕ್ಕಿದಳು. ನಮ್ಮ ಕ್ಲಬ್ಬಿನ ಅಚ್ಚಾದ ಪತ್ರ. 'ಗೌರವಾನ್ವಿತ ಪಾಲುದಾರರೇ...'

"ನಾನು ಯಾವಾಗಯ್ಯಾ ನಿಮ್ಮ ಪಾಲುದಾರಳಾದೆ? ಇಷ್ಟು ವರ್ಷ ನನ್ನ ಹೊಲದ ಮೇಲೆ ನಿಮ್ಮನ್ನ ಬಿಟ್ಟಿದೀನಿ. ಬಾಡಿಗೆ ಕೇಳಿದ್ನಾ? ರುಜು ಕೇಳಿದ್ನಾ? ಪ್ರತಿ ಅಕ್ಟೋಬರಲ್ಲಿ ಕ್ಲಬ್ಬಿಂದ ಒಬ್ಬ ಬರ್ತಿದ್ದ. ಕಾಫಿ ಕುಡಿದು ಕೈ ಕುಲುಕಿ ಹೋಗ್ತಿದ್ದ. ಈ ಸಲ ಕಾಗದ ಬಂತು. ಕಾಗದ ಕಾಫಿ ಕುಡಿಯತ್ತೇನೋ?"

ನನ್ನೊಳಗಿನ ಪೊಲೀಸ್ ಎದ್ದು ಕೂತ. ಮೇಜು ಗುದ್ದಿದೆ.

"ಬರಬೇಕಾಗಿದ್ದೋನು ಯಾರು? ಹೆಸರು ಹೇಳಿ ಸಾಕು. ಅವನ್ನ ನಾನು ವಿಚಾರಿಸ್ಕೋತೀನಿ!"

ಅವಳು ಗೋಡೆಯ ಕ್ಯಾಲೆಂಡರಿನತ್ತ ಗದ್ದ ಎತ್ತಿದಳು. ಜನವರಿ ಬಂದರೂ ಅಕ್ಟೋಬರ್ ಹಾಳೆ ತಿರುಗಿರಲಿಲ್ಲ. ಹನ್ನೆರಡನೇ ತಾರೀಖಿನ ಸುತ್ತ ಪೆನ್ಸಿಲ್ ಗೆರೆ. ಒಳಗೆ ಪುಟ್ಟ ಅಕ್ಷರ...

'ಆರ್ನಿ. ಏಲಕ್ಕಿ ಬ್ರೆಡ್ಡು.'

ನಾನೇ! ಒಂಬತ್ತು ವರ್ಷದಿಂದ ಬರುತ್ತಿದ್ದವನು ನಾನೇ! ಈ ಸಲ ಸಮಿತಿಗಳ ಗದ್ದಲದಲ್ಲಿ ಅದನ್ನೇ ಮರೆತು, ಆ ದಿನ ಕರಿದ ಮೀನಿನ ಉಪಸಮಿತಿಯಲ್ಲಿ ಕೂತಿದ್ದೆ. ಪುರುಸೊತ್ತಿಲ್ಲ, ಎಲ್ಲ ಜಮೀನಿನವರಿಗೂ ಒಂದು ಪತ್ರ ಹಾಕಿಬಿಡಿ ಎಂದು ಕಾರ್ಯದರ್ಶಿಗೆ ಹೇಳಿದ್ದೂ ನಾನೇ.

"ಸಂಜೆತನಕ ಕಾದೆ," ಎಂದಳು ಹಿಲ್ಮಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ರೆಡ್ಡು ನಾಯಿ ತಿಂತು."

ಗುಂಡು ಬಿದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು, ಅಮ್ಮಾ."

"ಕುಡಿ."

ಡಾಂಬರಿನಂಥ ಕಾಫಿ. ಮೂರು ಲೋಟ. ಕೊನೆಗೆ ಅವಳು ಕೈ ಚಾಚಿದಳು. ಕುಲುಕಿದೆ. ಆಮೇಲೆ ನನ್ನ ಜೇಬಿನ ನಕ್ಷೆ ಕಿತ್ತುಕೊಂಡು ಮೊದಲನೇ ಬಾರನ್ನು ಹೊಡೆದುಹಾಕಿ, ಅಲ್ಲಿ 'ಹಿಲ್ಮಾ, ಕಾಫಿ' ಎಂದು ಬರೆದಳು.

"ನಲವತ್ತು ಜನಾನೂ ಬರಬೇಕು. ಬೂಟು ಹೊರಗೆ ಬಿಟ್ಟು! ಇನ್ನೊಂದು ಕೆಲಸ ಇದೆ ನಿಂಗೆ..."

ಅದನ್ನೂ ಒಪ್ಪಿಕೊಂಡೆ. ಬ್ರಾಂಟ್‌ಗೆ ಫೋನ್ ಮಾಡಿದೆ.

"ಗೇಟು ತೆಗೀತಾಳಂತೆ. ಆದ್ರೆ ಮೊದಲನೇ ಬಾರು ಹೋಯ್ತು."

"ಹಾಳಾಗಿ ಹೋಗ್ಲಿ! ಆ ಎಡವಟ್ಟು?"

"ಸಿಕ್ಕಿದ. ತಪ್ಪೂ ಒಪ್ಕೊಂಡ."

"ಯಾರವನು? ಬೋಳೀಮಗನ ಹೆಸರು ಹೇಳು!"

ನಾನು ಹಿಲ್ಮಾ ಕೊಟ್ಟ ಕೊಡಲಿಯ ಅಲಗಿನ ಮೇಲೆ ಬೆರಳಾಡಿಸಿದೆ. ಮೊಂಡಾಗಿತ್ತು.

"ನಾಳೆ ಬರ್ತೀರಲ್ಲ... ಗೇಟಿನ ಹತ್ರ ಒಬ್ಬ ಆ ದಿಮ್ಮಿನ ಒಲೆ ಸೌದೆ ಮಾಡ್ತಾ ಇರ್ತಾನೆ. ಅವನೇ!"