ಅಡಗಲ್ಲೇ ಇರ್ಲಿ

ಹದಿನಾಲ್ಕು ತಿಂಗಳ ಮೇಲೆ ಗಂಡನನ್ನು ಕಂಡ ಶಾಂತಮಲ್ಲಮ್ಮ ಮೊದಲು ಮಾಡಿದ ಕೆಲಸವೆಂದರೆ ಸೆರಗನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡದ್ದು.

ಕೊಚ್ಚಿ ಬಂದರಿನ ಆ ನೂಕುನುಗ್ಗಲಿನಲ್ಲಿ, ಮೀನಿನ ವಾಸನೆಯ ನಡುವೆ ಮೂಗು ಮುಚ್ಚಿಕೊಂಡು ನಿಂತಿದ್ದ ಪುಟ್ಟಬಸಪ್ಪ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೊಸ ಸೂಟ್‌ಕೇಸು. ಸ್ವಲ್ಪ ಇಳಿದುಹೋಗಿದ್ದ.

ಅವಳು ಸೆರಗಿನ ಸಂದಿಯಿಂದಲೇ ಅವನ ಕಣ್ಣನ್ನು ಹುಡುಕಿದಳು. ನೋಡ್ತಾರಾ? ಇವತ್ತಾದರೂ ಒಂದು ಸಲ...

ನೋಡಲಿಲ್ಲ ಪುಣ್ಯಾತ್ಮ. ಜೊತೆಗೆ ಬಂದಿದ್ದ ಅವಳ ಅಣ್ಣ ಮಲ್ಲಪ್ಪನನ್ನು ರೈಲಿನ ಬಗ್ಗೆ ಕೇಳಿದ, ಊಟದ ಬಗ್ಗೆ ಕೇಳಿದ, ಅವಳ ತವರೂರು ಗೆಟ್ಟವಾಡಿಯ ದನಕರುಗಳ ಯೋಗಕ್ಷೇಮವನ್ನೂ ಕೇಳಿದ. ಆಮೇಲೆ ಅವಳ ಕಾಲ ಹತ್ತಿರವಿದ್ದ ಚೀಲವನ್ನೆತ್ತಿಕೊಂಡು, ಆ ಚೀಲಕ್ಕೇ ಹೇಳುವವನಂತೆ, "ಬಾ" ಎಂದ. ಅಷ್ಟೇ.

ಶಾಂತಮಲ್ಲಮ್ಮ ಅಣ್ಣನ ಕಡೆ ನೋಡಿದಳು. ಅಣ್ಣ ಹೋಗು ಎಂಬಂತೆ ತಲೆಯಾಡಿಸಿದ. ಇನ್ನೇನು ಮಾಡುತ್ತಾಳೆ? ಹೋದಳು.

ಇವರಿಬ್ಬರ ಕಥೆ ಇಷ್ಟು. ಪುಟ್ಟಬಸಪ್ಪನ ಊರು ತಿಗನಾರೆ, ತಮಿಳುನಾಡಿಗೆ ಸೇರಿದ ಕನ್ನಡ ಸೀಮೆಯ ಬೆಟ್ಟದೂರು ತಾಳವಾಡಿಯಲ್ಲಿ ಅವನದೊಂದು ಗೊಬ್ಬರದ ಅಂಗಡಿ. ಎಂಬತ್ತೆರಡನೇ ಇಸವಿಯಲ್ಲಿ ಬೆಟ್ಟದ ಮೇಲೆ ಎಲ್ಲರಿಗಿಂತ ಹೆಚ್ಚು ಗೊಬ್ಬರ ಮಾರಿದವನು ಅವನೇ ಎಂದು ಕಂಪನಿಯವರು ಬಹುಮಾನ ಕೊಟ್ಟರು. ಏನು ಬಹುಮಾನ ಅಂತೀರಿ? ಹಡಗಿನ ಪ್ರವಾಸ! ಕೊಚ್ಚಿಯಿಂದ ಗೋವಾದವರೆಗೆ ಐದು ದಿನ. ನಡುವೆ ಕಲ್ಲಿಕೋಟೆ, ಮಂಗಳೂರು, ಕಾರವಾರದಲ್ಲಿ ಇಳಿದು ಊರು ನೋಡುವುದು. ತಮಿಳಿನಲ್ಲಿ ಬಂದ ಕಾಗದದಲ್ಲಿ ಒಂದೇ ಷರತ್ತಿತ್ತು. ಗಂಡ ಹೆಂಡತಿ ಜೋಡಿಯಾಗಿಯೇ ಬರಬೇಕು.

ಹೆಂಡತಿ ತವರು ಸೇರಿ ವರ್ಷ ದಾಟಿದೆ ಎಂದು ಕಂಪನಿಯವರಿಗೇನು ಗೊತ್ತು, ಪಾಪ.

ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ಹೋಗಿಬನ್ನಿ, ಐದು ದಿನ ಜೊತೆಗಿದ್ದು ನೋಡಿ ಎಂದರು. ಬಂದಮೇಲೆ ಸೋಮವಾರ ಮಠದಲ್ಲಿ ಎಲ್ಲರೂ ಸೇರುವುದು. ಕೂಡಿ ಬಾಳುವುದಾದರೆ ಸರಿ, ಇಲ್ಲವಾದರೆ ಅಲ್ಲಿಗೇ ಬಿಟ್ಟುಬಿಡುವುದು, ಇಬ್ಬರೂ ಇನ್ನೂ ಚಿಕ್ಕವರು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದಳೋ!

ಜಗಳವಾದರೂ ಎಂಥದ್ದು? ಜಗಳವೇ ಇಲ್ಲ ಕಣ್ರೀ. ಮದುವೆಯಾದ ಎಂಟನೇ ತಿಂಗಳು, ಒಂದು ಸಂಜೆ, ರಾಗಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಹಚ್ಚಿದ ಪಟಾಕಿ ಅವಳ ಕೈಯಿಂದ ಹಾರುವ ಮೊದಲೇ ಸಿಡಿಯಿತು. ಎಡಗೆನ್ನೆ ಸುಟ್ಟಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮೂರು ವಾರವಿದ್ದು ಗಾಯ ಮಾಯಿತು, ಕಲೆ ಉಳಿಯಿತು. ಅಂದಿನಿಂದ ಪುಟ್ಟಬಸಪ್ಪ ಅವಳ ಮುಖ ನೋಡುವುದನ್ನೇ ಬಿಟ್ಟ. ಉಣ್ಣುವಾಗ ತಟ್ಟೆ ನೋಡುತ್ತಿದ್ದ, ಮಾತಾಡುವಾಗ ಬಾಗಿಲು ನೋಡುತ್ತಿದ್ದ.

ನಾಲ್ಕು ತಿಂಗಳು ತಡೆದುಕೊಂಡಳು. ನನ್ನ ಮೊಕ ಕಂಡ್ರ ಅವ್ರಿಗ ಅಸಯ್ಯ... ಎಂದುಕೊಂಡು ಒಂದು ಬೆಳಿಗ್ಗೆ ಗೆಟ್ಟವಾಡಿ ಬಸ್ಸು ಹತ್ತಿದಳು.

ಮುನಿಸಿಕೊಂಡು ತವರಿಗೆ ಹೋದವಳನ್ನು ಗಂಡನೇ ಬಂದು, ಬಾಗಿಲಲ್ಲಿ ನಿಂತು ಕರೆಯಬೇಕು. ಅದು ಅಲ್ಲಿಯ ಪದ್ಧತಿ. ಇವನು ತಾನು ಬರದೆ ಸೋದರಮಾವನನ್ನು ಕಳಿಸಿದ! ಕರೆಯಬೇಕಾದವರು ಕರೆದರೆ ಬರುತ್ತೇನೆ ಎಂದು ಅವಳು ಕಾಫಿ ಕೊಟ್ಟು ಕಳಿಸಿದಳು. ಆ ಮಾವ ಊರಿಗೆ ಹೋಗಿ ಹೇಳಿದ್ದು ಒಂದೇ ಮಾತು, ಅವಳು ಬರೋದಿಲ್ಲವಂತೆ. ಅಲ್ಲಿಗೆ ಮುಗಿಯಿತು.

ಹಡಗಿನ ಕೋಣೆಯಲ್ಲಿ ಕೆಳಗೊಂದು, ಮೇಲೊಂದು ಮಂಚ. ಅವನು ಸರ್ರನೆ ಮೇಲಿನದನ್ನು ಹತ್ತಿ ಗೋಡೆ ಕಡೆ ತಿರುಗಿಕೊಂಡ. ಇಷ್ಟು ಹತ್ತಿರ, ಕೈ ಎತ್ತಿದರೆ ಸಿಗುವಷ್ಟು ಹತ್ತಿರ! ಶಾಂತಮಲ್ಲಮ್ಮ ಕಣ್ಣು ಮುಚ್ಚಿ ಸೋಮವಾರಕ್ಕೆ ಇನ್ನೆಷ್ಟು ದಿನ ಎಂದು ಎಣಿಸಿದಳು. ಎಂಟು.

ಕಲ್ಲಿಕೋಟೆಯಲ್ಲಿ ಇಳಿದಾಗ ಉಳಿದ ಜೋಡಿಗಳೆಲ್ಲ ಅಂಗಡಿ ಬೀದಿಯಲ್ಲಿ ಹಲ್ವ ತಿನ್ನುತ್ತಾ, ಒಬ್ಬರನ್ನೊಬ್ಬರು ಕೆಣಕುತ್ತಾ ನಡೆದರು. ಇವನು ನಾಲ್ಕು ಹೆಜ್ಜೆ ಮುಂದೆ, ಇವಳು ನಾಲ್ಕು ಹೆಜ್ಜೆ ಹಿಂದೆ. ಸಮುದ್ರ ದಡದಲ್ಲಿ ಕಂಪನಿಯ ಫೋಟೋದವನು ಇಬ್ಬರನ್ನೂ ಒತ್ತಿ ನಿಲ್ಲಿಸಿದ. ಇವಳು ಸೆರಗು ಹಿಡಿದುಕೊಂಡಳು, ಅವನು ದೂರದ ದೋಣಿ ನೋಡಿದ. ಅವನ ಅಂಗಿಯ ತೋಳು ತಾಗಿದ್ದಕ್ಕೇ ಅವಳ ಕಣ್ಣು ತುಂಬಿತು. ಬೇಡ ಅಂದರೂ ಕೇಳದ ಮನಸ್ಸು ಅದು, ಏನು ಮಾಡಲಿಕ್ಕಾಗುತ್ತದೆ.

ಹಡಗಿನಲ್ಲಿ ಅವಳಿಗೆ ಸಿಕ್ಕ ಒಂದೇ ಆಸರೆ ಎಂದರೆ ಮಂಗಳೂರಿನ ಒಬ್ಬ ಟೀಚರಮ್ಮ. ಅವರ ಗಂಡನಿಗೂ ಗೊಬ್ಬರದ ವ್ಯಾಪಾರ. ತುಂಬಾ ಒಳ್ಳೆಯವರು. ಆದರೆ ಅವರ ಕನ್ನಡ ಅಚ್ಚಾದ ಪುಸ್ತಕದಂತೆ, ಒಂದಕ್ಷರ ಆಚೀಚೆ ಆಗುವಂತಿಲ್ಲ. ಇವಳು "ಓಗದಿಲ್ಲ" ಎಂದರೆ ಅವರು "ಹೋಗುವುದಿಲ್ಲ" ಎಂದು ತಿದ್ದಿಯೇ ಮುಂದಿನ ಮಾತಿಗೆ ಹೋಗುವರು.

ಮೂರನೇ ದಿನ ಅವಳಿಗೆ ಹಡಗಿನ ವಾಂತಿ ಹಿಡಿಯಿತು. ಬೆಟ್ಟದ ಮೇಲೆ ಹುಟ್ಟಿ ಬೆಳೆದವಳು, ಕೆರೆಯನ್ನು ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಮಂಗಳೂರು ಬಂತು, ಹೋಯಿತು, ಅವಳು ತಲೆ ಎತ್ತಲಿಲ್ಲ. ಎಚ್ಚರವಾದಾಗೆಲ್ಲ ತಲೆದಿಂಬಿನ ಹತ್ತಿರ ಹೆಚ್ಚಿದ ನಿಂಬೆಹಣ್ಣು, ಲೋಟದಲ್ಲಿ ನೀರು. ಟೀಚರಮ್ಮ ಇಟ್ಟಿರಬೇಕು ಎಂದುಕೊಂಡಳು. ಅವಳು ನಿದ್ದೆ ಹೋದಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು, ಕಾಗದ ಮಡಿಚಿ ಗಾಳಿ ಹಾಕುತ್ತಿದ್ದವನು ಯಾರೆಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ?

ನಾಲ್ಕನೇ ದಿನ ಕಾರವಾರ. ಹಡಗು ದಡದಿಂದ ದೂರದಲ್ಲೇ ನಿಂತಿತು. ಏಣಿ ಇಳಿದು ಸಣ್ಣ ಯಂತ್ರದ ದೋಣಿಯಲ್ಲಿ ಹೋಗಬೇಕು. ಕಾರವಾರದ ಮರಳಿನ ಮೇಲೆ ಎಲ್ಲಾ ಜೋಡಿಗಳ ಫೋಟೋ ತೆಗೆದು ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಹಾಕುತ್ತೇವೆ ಎಂದು ಕಂಪನಿಯವರು ಬೆಳಿಗ್ಗೆಯೇ ಸಾರಿದ್ದರು.

ಪುಟ್ಟಬಸಪ್ಪ ಕೋಣೆಯ ಬಾಗಿಲಲ್ಲಿ ನಿಂತು ಮಲಗಿದ್ದವಳನ್ನು ನೋಡಿದ. ಎಬ್ಬಿಸಲು ಧೈರ್ಯ ಬರಲಿಲ್ಲ. ಎರಡು ದಿನದಿಂದ ಹೊಟ್ಟೆಯಲ್ಲಿ ಏನೂ ನಿಂತಿಲ್ಲ, ದಡದಲ್ಲಿ ಎಳನೀರು ಸಿಗುತ್ತದೆ, ಓಡಿಹೋಗಿ ತಂದುಬಿಡೋಣ ಎಂದು ಏಣಿಯ ಹತ್ತಿರ ಬಂದ. ಟೀಚರಮ್ಮ ಮೊಣಕಾಲು ನೋವೆಂದು ಇಳಿಯದೆ ಅಲ್ಲೇ ಕೂತಿದ್ದರು. ದೋಣಿಗೆ ಕಾಲಿಡುತ್ತಲೇ ಅವರಿಗೆ ಕೂಗಿ ಹೇಳಿದ.

"ಅವ್ಳಿಗ ಸುಸ್ತಾಗದ, ಈ ದೋಣಿ ಬ್ಯಾಡ. ನಾನ್ ಎಳ್ನೀರ್ ತಕ್ಕಂಡ್ ಬತ್ತಿನಿ. ಅಲ್ಲಿಗಂಟ ಅಡಗಲ್ಲೇ ಇರ್ಲಿ ಅನ್ನಿ ಟೀಚರಮ್ಮ."

ದೋಣಿಯ ಯಂತ್ರ ಗುಡುಗುಡು ಎನ್ನುತ್ತಿತ್ತು. ಟೀಚರಮ್ಮನ ಕಿವಿಗೆ ಬಿದ್ದದ್ದು ಬಾಲ ಮಾತ್ರ. ಬೆಟ್ಟದ ಜನರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ನೋಡಿ. ಹೊಲ ಒಲವಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಹಡಗು ಅಡಗಾಗುತ್ತದೆ. ಆ ಮಾತನ್ನು ಹಾಗೇ ತಂದು ಒಪ್ಪಿಸಿದ್ದರೆ ಶಾಂತಮಲ್ಲಮ್ಮನಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಟೀಚರಮ್ಮ ಅದನ್ನು ತಿದ್ದಿದರು!

"ನಿಮ್ಮ ಯಜಮಾನರು ದಡಕ್ಕೆ ಹೋದರಮ್ಮ. ಅವರು ಬರುವವರೆಗೆ ನೀವು ಅಡಗಿಯೇ ಇರಬೇಕಂತೆ."

"ಅಡಗಿ... ಅಂದ್ರ? ಬಚ್ಚಿಟ್ಕಂಡಾ?"

ಹೌದು, ತನಗೂ ವಿಚಿತ್ರ ಅನ್ನಿಸಿತು ಎಂದು ಟೀಚರಮ್ಮ ನೊಂದುಕೊಂಡೇ ಹೇಳಿದರು.

ಶಾಂತಮಲ್ಲಮ್ಮ ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಕ್ಯಾಲೆಂಡರಿನಲ್ಲಿ ಈ ಮುಖ ಬಂದರೆ ತಾಳವಾಡಿಯ ಅಂಗಡಿ ಗೋಡೆಯ ಮೇಲೆ ವರ್ಷಪೂರ್ತಿ ತೂಗುತ್ತದೆ. ಅದಕ್ಕೇ ಅಡಗಬೇಕು... ಅವಳೇನು ಮಾಡಬಲ್ಲಳು? ಸುತ್ತ ನೀರು. ಇಳಿದು ಬಸ್ಸು ಹತ್ತುವ ಹಾಗಿಲ್ಲ, ಅಣ್ಣನಿಗೆ ಹೇಳಿ ಕಳಿಸುವ ಹಾಗಿಲ್ಲ. ಸೋಮವಾರ ಮಠದಲ್ಲಿ ಅವನು ಏನು ಹೇಳುತ್ತಾನೆ ಎಂಬುದು ಇವತ್ತೇ ಗೊತ್ತಾದಂತಾಯಿತು.

ಆಯ್ತು. ಅಡಗಬೇಕು ತಾನೇ? ಅಡಗ್ತಿನಿ. ಯಾರ ಕಣ್ಣಿಗೂ ಬೀಳದಿಲ್ಲ.

ಗೋಡೆ ಹಿಡಿದುಕೊಂಡು ಮೇಲಿನ ಅಂತಸ್ತಿಗೆ ಹೋದಳು. ಹಿಂಭಾಗದಲ್ಲಿ, ನೀರಿಗೆ ಬಿದ್ದರೆ ತೇಲಲು ಹಾಕಿಕೊಳ್ಳುವ ಅಂಗಿಗಳನ್ನು ರಾಶಿ ಹಾಕಿದ್ದ ಸಣ್ಣ ಕೋಣೆಯೊಂದು ತೆರೆದಿತ್ತು. ಆ ರಾಶಿಯ ಹಿಂದೆ ಮೊಣಕಾಲು ತಬ್ಬಿ ಕೂತಳು. ಸುಸ್ತು, ಸೆಕೆ, ಸಂಕಟ. ಯಾವಾಗ ಕಣ್ಣು ಹತ್ತಿತೋ.

ಎಚ್ಚರವಾದದ್ದು ಗದ್ದಲಕ್ಕೆ. ಬಾಗಿಲ ಸಂದಿಯಲ್ಲಿ ಇಳಿಹೊತ್ತಿನ ಬಿಸಿಲು. ಹೊರಗೆ ಕಾಲುಗಳು ಓಡಾಡುತ್ತಿದ್ದವು. ಹಡಗಿನ ಅಧಿಕಾರಿಯೊಬ್ಬ ತಮಿಳಿನಲ್ಲಿ ಸಮಾಧಾನ ಹೇಳುತ್ತಿದ್ದ. ಎರಡು ಸಲ ಹುಡುಕಿದ್ದಾಯಿತು, ಅಮ್ಮ ದಡಕ್ಕೇ ಇಳಿದಿರಬೇಕು, ದೋಣಿ ಕಳಿಸಿ ಕೇಳಿಸುತ್ತೇವೆ ಎನ್ನುತ್ತಿದ್ದ.

ಆಮೇಲೆ ಆ ದನಿ. ಅದು ತನ್ನ ಗಂಡನ ದನಿ ಎಂದು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟು ಒಡೆದುಹೋಗಿತ್ತು. ಅವಳು ದೋಣಿ ಹತ್ತಿಲ್ಲ, ದೋಣಿಯವರನ್ನೆಲ್ಲ ಕೇಳಿದ್ದೇನೆ, ನೀರು ನೋಡಿ, ದಯವಿಟ್ಟು ನೀರಿನಲ್ಲಿ ನೋಡಿ ಎಂದು ಅವನು ತಮಿಳು ಕನ್ನಡ ಎರಡನ್ನೂ ಕಲಸಿ ಅಂಗಲಾಚುತ್ತಿದ್ದ.

ಟೀಚರಮ್ಮ ಅಳುತ್ತಾ, ಅಡಗಿರಲಿ ಎಂದು ತಾವೇ ಹೇಳಿ ಹೋದಿರಲ್ಲ, ಅದನ್ನೇ ಹೇಳಿದೆ ಎಂದರು.

"ಅಡಗಿರ್ಲಿ ಅಂದ್ನಾ ನಾನು?" ಅವನು ಕಾಲಿನಿಂದ ಹಲಗೆಯನ್ನು ದಢದಢ ಒದ್ದ. "ನಾನ್ ಅಡಗಲ್ಲೇ ಇರ್ಲಿ ಅಂದಿ ಕಣಮ್ಮ! ಇದು. ಇದು ಅಡಗು! ನಾವು ನಿಂತಿರೋದು!"

ಟೀಚರಮ್ಮ "ಅಯ್ಯೋ ದೇವರೇ, ಹಡಗು" ಎಂದು ಬಾಯಿಗೆ ಸೆರಗು ಒತ್ತಿಕೊಂಡರು.

ಒಳಗೆ ಶಾಂತಮಲ್ಲಮ್ಮ ಅಂಗಿಗಳ ರಾಶಿಯನ್ನು ಸರಿಸಿ ನೆಟ್ಟಗೆ ಕೂತಳು. ಹಡಗಲ್ಲೇ ಇರಲಿ... ಅಷ್ಟೇನಾ ಅವರು ಹೇಳಿದ್ದು? ಎದ್ದು ಹೋಗಬೇಕೆಂದುಕೊಂಡಳು. ಕಾಲು ಜೋಮು ಹಿಡಿದಿತ್ತು. ಅಷ್ಟರಲ್ಲಿ ಅವನು ಬಾಗಿಲ ಹೊರಗೇ ಕುಸಿದು ಕೂತ ಸದ್ದಾಯಿತು.

"ಆ ಪಟಾಕಿಯ ನಾನೇ ಕೊಟ್ಟಿ ಕಣಮ್ಮ," ಎಂದ, ಯಾರಿಗೆ ಹೇಳುತ್ತಿದ್ದೇನೆಂಬ ಪರಿವೆಯಿಲ್ಲದೆ. "ಅವ್ಳು ಎದ್ರುಕತಿದ್ಲು. ಏನೂ ಆಗದಿಲ್ಲ, ಇಡ್ಕ ಅಂತ ನಾನೇ ಕೈಗ ಮಡುಗ್ದಿ. ಒಂದೂವರೆ ವರ್ಸ ಆಯ್ತು. ಯಾವ ಮೊಕ ಇಟ್ಕಂಡು ಅವ್ಳ ಮೊಕ ನೋಡ್ಲಿ ನಾನು? ಗೆಟ್ಟವಾಡಿ ಬಸ್ ಸ್ಟಾಪ್‌ಗಂಟ ಮೂರು ಸಲ ಓಗಿ ವಾಪಸ್ ಬಂದಿವ್ನಿ..."

ಪಟಾಕಿ ಕೊಟ್ಟವರು ಯಾರು ಎಂಬುದು ಇಷ್ಟು ದಿನ ಅವಳ ತಲೆಗೇ ಬಂದಿರಲಿಲ್ಲ, ನೋಡಿ! ಅವಳಿಗೆ ನೆನಪಿದ್ದದ್ದು ಆಮೇಲಿನದು ಮಾತ್ರ. ಈ ಮನುಷ್ಯ ಅಸಹ್ಯಪಡುತ್ತಾನೆ ಎಂದುಕೊಂಡು ಅವಳು ಅಲ್ಲಿ ಬೆಂದಳು, ಅವಳು ತನ್ನನ್ನು ಕ್ಷಮಿಸುವುದಿಲ್ಲ ಎಂದುಕೊಂಡು ಅವನು ಇಲ್ಲಿ ಬೆಂದ. ಎರಡು ಊರುಗಳ ನಡುವೆ ಎಷ್ಟು ದೂರ ಮಹಾ?

ಅವಳು ತೆವಳಿಕೊಂಡು ಹೋಗಿ ಬಾಗಿಲು ತಳ್ಳಿದಳು.

ಪುಟ್ಟಬಸಪ್ಪ ತಿರುಗಿದ. ಅವನ ಪಕ್ಕದಲ್ಲಿ ನಾಲ್ಕು ಎಳನೀರು ಉರುಳಾಡುತ್ತಿದ್ದವು. ಟೀಚರಮ್ಮ ಜಾಣೆ, ಅಧಿಕಾರಿಯನ್ನೂ ಗುಂಪನ್ನೂ ಕರೆದುಕೊಂಡು ಸದ್ದಿಲ್ಲದೆ ಕೆಳಗಿಳಿದರು.

ಅವನು ಅವಳ ಕೈ ಮುಟ್ಟಿ ನೋಡಿದ, ಬಿಟ್ಟ, ಮತ್ತೆ ಮುಟ್ಟಿದ. ನಿಜವೋ ಎಂದು ನೋಡುವವನಂತೆ. ಆಮೇಲೆ ಅಭ್ಯಾಸ ಬಲದಿಂದ ಅವನ ಕಣ್ಣು ನೆಲಕ್ಕೆ ಇಳಿಯಿತು.

"ನನ್ನ ಬುಟ್ಬುಡು ಕಣಮ್ಮಿ," ಎಂದ. "ಸೋಮಾರ ಮಠದಲ್ಲಿ ನೀನು ಏನ್ ಯೋಳುದ್ರೂ ಸರಿ ಅಂತಿನಿ. ನನ್ನ ಕೈಲಿ ಆ ಕಲೆಯ ಅಳಿಸಾಕ ಆಗದಿಲ್ಲ."

"ಅಳ್ಸಿ ಅಂತ ಕೇಳುದ್ನಾ?" ಎಂದಳು. "ನೋಡಿ ಅಂತ ನಾನು ಕಾದಿ. ಅಷ್ಟೇಯ."

ಅವನು ಅತ್ತ. ಇಪ್ಪತ್ತೆಂಟು ವರ್ಷದ ಗಂಡಸು, ಹಡಗಿನ ಹಲಗೆಯ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತಾ ಅತ್ತ. ಅವಳಿಗೆ ಸಮಾಧಾನ ಮಾಡಲೂ ತೋಚಲಿಲ್ಲ. ಅವಳೂ ಅತ್ತಳು. ಕಲೆ ಹೋಗುವುದಿಲ್ಲ, ಕಳೆದ ತಿಂಗಳುಗಳು ಬರುವುದಿಲ್ಲ. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ.

ಹಡಗು ಕೂಗಿ ಹೊರಟಿತು. ಉರುಳುತ್ತಿದ್ದ ಒಂದು ಎಳನೀರನ್ನು ಹಿಡಿದು ಅವಳ ಮುಂದಿಡುತ್ತಾ ಅವನು ಕೇಳಿದ.

"ನನ್ನ ಜೊತ ಬತ್ತಿಯಾ? ಸೀದಾ ತಿಗನಾರೆಗೇ ಓಗ್ಬುಡವ."

ಅವಳು ತಲೆಯಾಡಿಸಿದಳು. "ಅಂಗಾಗದಿಲ್ಲ. ನೀವು ಗೆಟ್ಟವಾಡಿಗ ಬನ್ನಿ. ನಮ್ಮವ್ವನ ಮುಂದ, ಬಾಗ್ಲಲ್ಲಿ ನಿಂತ್ಕಂಡು ಕರೀರಿ."

"ಬತ್ತಿನಿ. ಸೋಮಾರದ ಒಳಗೇ ಬತ್ತಿನಿ."

"ನೆಲ ನೋಡ್ಕಂಡು ಕರುದ್ರ ನಾನ್ ಬರದಿಲ್ಲ."

ಪುಟ್ಟಬಸಪ್ಪ ಮೆಲ್ಲಗೆ ತಲೆ ಎತ್ತಿದ. ಅವಳ ಹಣೆ ನೋಡಿದ, ಕಣ್ಣು ನೋಡಿದ. ಆಮೇಲೆ ಎಡಗೆನ್ನೆ. ಅಲ್ಲಿಂದ ಅವನ ಕಣ್ಣು ಕದಲಲಿಲ್ಲ.

"ಇಂಗಾ?" ಎಂದ.

ಶಾಂತಮಲ್ಲಮ್ಮ ಸೆರಗು ಎಳೆದುಕೊಳ್ಳಲಿಲ್ಲ.

"ಊಂ," ಎಂದಳು. "ಇನ್ನೂ ವಸಿ ನೋಡಿ."