ಸಾಯುವ ಯೀಸ್ಟ್ ಬೇಕಾಗಿದೆ

ನಾರಾಯಣಗೂಡದ ಕಾಲೇಜಿನ ಪ್ರಯೋಗಾಲಯದಲ್ಲಿ ಕೊಲ್ಲುವ ಯೀಸ್ಟ್ ಬೇಕಾದಷ್ಟಿತ್ತು, ಸಾಯುವ ಯೀಸ್ಟೇ ಇರಲಿಲ್ಲ. ಪಾಪಾಸುಕಳ್ಳಿಯ ಕೊಳೆತ ಎಲೆಗಳಲ್ಲಿ ಬದುಕುವ ಈ ಕಣ್ಣಿಗೆ ಕಾಣದ ಜೀವಿಗಳಲ್ಲಿ ಕೆಲವು ವಿಷ ಕಾರಿ ಪಕ್ಕದವನ್ನು ಮುಗಿಸುತ್ತವೆ. ಅದನ್ನು ತೋರಿಸಲು ಆ ವಿಷಕ್ಕೆ ಸಾಯುವಂಥದ್ದೂ ಬೇಕು. ಶೈಲಶ್ರೀ ಯೀಸ್ಟ್ ಎತ್ತುವ ಸೂಜಿಯನ್ನು ಬೆಂಕಿಗೆ ಹಿಡಿದು ಶುದ್ಧ ಮಾಡದೆ ಎರಡರಲ್ಲೂ ಅದ್ದಿ, ಸಾಯುವಂಥದ್ದು ಇದ್ದದ್ದನ್ನೆಲ್ಲ ಸಾಯಿಸಿಕೊಂಡಿದ್ದಳು. ಹೊಸದು ಸಿಗದಿದ್ದರೆ ಅವಳ ಪಿಎಚ್‌ಡಿ ನೀರುಪಾಲು.

ರಸ್ತೆ ಬದಿಯ ಕಳ್ಳಿಗಳಲ್ಲೆಲ್ಲ ಕೊಲೆಗಡುಕ ಯೀಸ್ಟುಗಳೇ ತುಂಬಿದ್ದವು. ಊರಾಚೆಯ ಗುಡ್ಡದಲ್ಲಿ, ಒಂದರ ಮೇಲೊಂದು ಕುಳಿತ ಮನೆಗಾತ್ರದ ಬಂಡೆಗಳ ನಡುವಿನ ಆಳದ ಸಂದಿಯಲ್ಲಿ ಮಾತ್ರ ಒಂಟಿ ಕಳ್ಳಿಯೊಂದಿತ್ತು. ಬೇರೆ ಕಳ್ಳಿಗಳಿಂದ ದೂರವಿದ್ದ ಅಲ್ಲಿಗೆ ಕೊಲ್ಲುವ ಜಾತಿ ಇನ್ನೂ ಕಾಲಿಟ್ಟಿರಲಿಕ್ಕಿಲ್ಲ ಎಂಬ ಒಂದೇ ಆಸೆ. ಕಿರಿಯ ಸಂಶೋಧಕ ಪ್ರಾಣೇಶ ಮೇಲೆ ನಿಂತು ಹಗ್ಗ ಹಿಡಿದ. ಸೊಂಟಕ್ಕೆ ಅದನ್ನು ಬಿಗಿದುಕೊಂಡು ಶೈಲಶ್ರೀ ಇಳಿದಳು.

ಅರ್ಧ ಇಳಿದ ಮೇಲೆ ಗುಂಯ್‌ಗುಡುವ ಸದ್ದು ಕೇಳಿತು.

"ಅಕ್ಕಾ, ಅಲ್ಲಾಡಬ್ಯಾಡ್ರಿ. ನಿಮ್ಮ ಎಡಕ್ಕ ಹೆಜ್ಜೇನು ಐತಿ."

ತಿರುಗಿದಳು. ಮೊರದಗಲದ ಹುಟ್ಟು, ಮೊಳದ ದೂರದಲ್ಲಿ. ಅಮ್ಮನನ್ನು ಕೂಗಬೇಕೆನಿಸಿತು.

"ಮ್ಯಾಲ ಜಗ್ಗಲೇನ್ರಿ?"

"ಬ್ಯಾಡೋ. ಇನ್ನೊಂದೀಟು ಬಿಡು."

ಕಾಲು ಕಳ್ಳಿಯ ಬುಡಕ್ಕೆ ತಾಗಿತು. ಹುಳಿವಾಸನೆ ಮೂಗಿಗೆ ಬಡಿಯಿತು. ಚಿಮಟದಿಂದ ಕೊಳೆತ ತುಣುಕು ಕಿತ್ತು ಶೀಶೆಗೆ ಹಾಕಿದಳು. ಮುಚ್ಚಳ ತಿರುಗಿಸುವಾಗ ಮೊಣಕೈ ತಾಗಿ ಕಲ್ಲೊಂದು ಉರುಳಿತು.

ಹುಟ್ಟು ಅಲೆಯಲೆಯಾಗಿ ಮಿಸುಕಿತು. ಒಂದು ನೊಣ ಬಂದು ಅವಳ ತುಟಿಯ ಮೇಲೆ ಕುಳಿತಿತು. ಉಸಿರು ಬಿಗಿಹಿಡಿದಳು. ಅದು ಕೆನ್ನೆಯ ಮೇಲೆ ಹರಿದು ರೆಪ್ಪೆಗೆ ಕುಟುಕಿತು.

"ಜಗ್ಗೋ, ಜಲ್ದಿ!"

ಬಂಡೆಗೆ ಮೈ ತರಚಿಕೊಂಡು ಮೇಲೆ ಬಂದು ಬಿದ್ದಳು. ಇಬ್ಬರೂ ಹಿಂದೆ ನೋಡದೆ ಓಡಿದರು. ಕಾರಿನ ಗಾಜು ಏರಿಸಿದ ಮೇಲೂ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಶೀಶೆ ಮಾತ್ರ ಮುಷ್ಟಿಯಲ್ಲೇ ಇತ್ತು.

ಆ ತುಣುಕಿನಿಂದ ಬೆಳೆಸಿದ ಯೀಸ್ಟನ್ನು ತಟ್ಟೆಯ ತುಂಬ ಬಳಿದು, ನಡುವೆ ಕೊಲ್ಲುವ ಯೀಸ್ಟಿನ ಒಂದು ಹನಿ ಇಟ್ಟರು. ಮರುದಿನ ತಟ್ಟೆಯೆಲ್ಲ ಬೆಳ್ಳಗಿತ್ತು. ಹನಿಯ ಸುತ್ತ ಮಾತ್ರ ಉಂಗುರದಂತೆ ಖಾಲಿ.

"ಸತ್ತಾವ್ರಿ ಅಕ್ಕಾ," ಎಂದ ಪ್ರಾಣೇಶ.

ಊದಿದ ಕಣ್ಣಲ್ಲೇ ಶೈಲಶ್ರೀ ಬಗ್ಗಿ ನೋಡಿದಳು. ಖುಷಿಯಾಯಿತು. ಅಷ್ಟು ಹೆದರಿ ಜೀವಂತ ತಂದದ್ದು ಹೀಗೆ ಸಾಯಲೆಂದೇ ಎಂದು ಪಾಪವೂ ಅನಿಸಿತು.

"ಉಳದದ್ದನ್ನ ಬ್ಯಾರೆ ಫ್ರಿಜ್ಜಿನಾಗ ಇಡೋ," ಎಂದಳು. "ಕೀಲಿ ಹಾಕಿ, ಕೀಲಿಕೈ ನೀನ ಇಟ್ಕೋ. ನನ್ನ ಕೈಯಾಗ ಕೊಡಬ್ಯಾಡ."